ನಗುವ ಅಕ್ಷರದಲ್ಲಿ ಶ್ರದ್ಧಾಂಜಲಿ

ಸುಂಕದಕಟ್ಟೆಯಲ್ಲಿ ಯಾರ ಮಗುವಿಗೆ ಹೆಸರಿಟ್ಟರೂ, ಯಾರು ಹೊಸದಾಗಿ ಚುರುಮುರಿ ಗಾಡಿ ಹಾಕಿದರೂ ಬ್ಯಾನರಿಗೆ ಬರುವುದು ನನ್ನ ಜೆರಾಕ್ಸ್ ಅಂಗಡಿಯ ಪಕ್ಕದ ಪಂಕಜಾಳ ಬಳಿಗೆ. ಮದುವೆಗೆ ಮುಂಚಿನಿಂದಲೂ ಕಂಪ್ಯೂಟರಿನ ಮುಂದೆ ಕೂತು ಅದೇ ಕೆಲಸ ಮಾಡಿಕೊಂಡು ಬಂದವಳು. ಅವಳಿಗೊಂದು ಅಚ್ಚುಮೆಚ್ಚಿನ ಅಕ್ಷರಶೈಲಿಯಿದೆ. ಪೂರಿಯ ಹಾಗೆ ಉಬ್ಬಿದ ಮೈ, ಸೆಟೆದು ನಿಂತ ತಲೆಕಟ್ಟು; ಒತ್ತಕ್ಷರಗಳಂತೂ ಕೆಳಗೆ ಕುಣಿಯುತ್ತಲೇ ಇರುತ್ತವೆ. ನಾವು ಅದನ್ನು ಗುಂಡಕ್ಷರ ಎನ್ನುತ್ತೇವೆ.

"ಇದಕ್ಕೆ ಜಾಗ ಜಾಸ್ತಿ ಬೇಕು, ಮಾತು ಕಮ್ಮಿ ಇರ್ಬೇಕು. ಮಗು ಹೆಸರು, ಐಸ್‌ಕ್ರೀಂ, ಸ್ಕೂಲ್ ಡೇ, ಅಷ್ಟೇ. ಅಡ್ರೆಸ್ಸೂ ಇದ್ರಲ್ಲೇ ಹಾಕಿದ್ರೆ ಸಂತೆ ಆಗೋಗುತ್ತೆ," ಎಂದು ಗಿರಾಕಿಗಳ ಜೊತೆ ಜಗಳಕ್ಕೇ ನಿಲ್ಲುತ್ತಾಳೆ.

ಹೋದ ಆಷಾಢದಲ್ಲಿ ಅವಳ ತಂದೆ ದೊಡ್ಡಹನುಮಯ್ಯ ತೀರಿಕೊಂಡರು. ಇದಿನ್ನೂ ಹಳ್ಳಿಯಾಗಿದ್ದಾಗ ಇಲ್ಲೇ ರಾಗಿ ಬೆಳೆದವರು, ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ. ಮಾರನೆಯ ದಿನ ಸರ್ಕಲ್ಲಿನಲ್ಲಿ ಬ್ಯಾನರ್ ಎದ್ದಿತು. ಕಟ್ಟಿದ್ದು ಏರಿಯಾದ ಲೀಡರನ ಹುಡುಗರು. ಮೂಲೆಯಲ್ಲಿ ಅಂಗೈಯಷ್ಟು ದೊಡ್ಡಹನುಮಯ್ಯ, ನಡುವೆ ಆಳೆತ್ತರಕ್ಕೆ ಕೈಮುಗಿದು ನಿಂತ ಲೀಡರು. ಅದಿರಲಿ, ಆ ಅಸಹ್ಯ ಎಲ್ಲ ಸರ್ಕಲ್ಲಿನಲ್ಲೂ ಇದೆ. ಆದರೆ 'ಭಾವಪೂರ್ಣ ಶ್ರದ್ಧಾಂಜಲಿ' ಇದ್ದದ್ದು ಗುಂಡಕ್ಷರದಲ್ಲಿ! ಲೀಡರನ ಹಿಂದಿನ ಹುಟ್ಟುಹಬ್ಬಕ್ಕೆ ಪಂಕಜಾಳೇ ಮಾಡಿಕೊಟ್ಟಿದ್ದ ಫೈಲಿನಲ್ಲಿ ಮಾತು ಬದಲಾಯಿಸಿ, ಲಗ್ಗೆರೆಯಲ್ಲಿ ಪ್ರಿಂಟ್ ಹಾಕಿಸಿದ್ದರು. ಸತ್ತವರ ಹೆಸರಿಗೂ ಒತ್ತಕ್ಷರಗಳು ಕುಣಿಯುತ್ತಿದ್ದವು. ಇವರಿಗೆ ಕಣ್ಣೇ ಇಲ್ಲವೇ?

ತಿಥಿಗೆ ನೆಂಟರು ಬರುವ ಮೊದಲು ಅದನ್ನು ಇಳಿಸಿ ಎಂದು ಕೇಳಲು ಪಂಕಜಾ ಹುಡುಗರ ಮುಂದಾಳು ಮಧುಕುಮಾರನ ಬಳಿ ಹೋದಳು. ನಾನೂ ಜೊತೆಗಿದ್ದೆ.

"ಯಾಕಕ್ಕ, ಅಕ್ಷರ ಎಲ್ಲಾ ಕಪ್ಪು ಮಾಡ್ಸಿದೀವಲ್ಲಾ," ಎಂದ ಅವನು.

"ಬಣ್ಣ ಅಲ್ಲ ಕಣೋ, ಅಕ್ಷರ ನಗ್ತಾ ಇದೆ! ಬೇರೇದು ನಾನೇ ಮಾಡ್ಕೊಡ್ತೀನಿ, ಇದನ್ನ ಇಳಿಸು."

"ಅಣ್ಣನ ಫೋಟೋ ಇದೆ, ಮುಟ್ಟಕ್ಕಾಗಲ್ಲ ಅಕ್ಕ."

ಇಳಿಸಲಿಲ್ಲ. ತಿಥಿಯ ದಿನ ನೆಂಟರೆಲ್ಲ ಅದರ ಮುಂದೆಯೇ ಹಾದು ಬಂದರು. ಪಂಕಜಾಳ ತಂಗಿಯ ಮಗಳು ಸಿಂಚನಾ, ಇನ್ನೂ ಓದಲು ಬಾರದ ಕೂಸು, ಬ್ಯಾನರ್ ನೋಡಿ ಚಪ್ಪಾಳೆ ತಟ್ಟಿದಳು. "ತಾತಂದು ಹ್ಯಾಪಿ ಬರ್ತ್‌ಡೇನಾ ದೊಡ್ಡಮ್ಮ?" ಪಂಕಜಾ ಮಗುವನ್ನು ಎತ್ತಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

ಕಾರ್ತಿಕದಲ್ಲಿ ಲೀಡರನ ಹುಟ್ಟುಹಬ್ಬ. ಮಧುಕುಮಾರ ನಾಚಿಕೆಯಿಲ್ಲದೆ ಪಂಕಜಾಳ ಬಳಿಗೇ ಬಂದ. ಅವಳು ಮರುಮಾತಿಲ್ಲದೆ ಒಪ್ಪಿಕೊಂಡಾಗ ನನಗೆ ಅವಳ ಮೇಲೂ ಸಿಟ್ಟು ಬಂತು. ಸಂಜೆ ಅವನು ಬಂದು ಕಂಪ್ಯೂಟರಿನಲ್ಲಿ ನೋಡಿದರೆ, 'ಜನ್ಮದಿನದ ಶುಭಾಶಯಗಳು' ಎಂಬುದು ಸಣಕಲು ಅಕ್ಷರದಲ್ಲಿ, ಸಾಲಾಗಿ, ಮೌನವಾಗಿ ನಿಂತಿತ್ತು.

"ಏನಕ್ಕ ಇದು, ತಿಥಿ ಕಾರ್ಡ್ ತರ ಇದೆಯಲ್ಲಾ!"

"ಯಾಕೋ, ಅಕ್ಷರ ಎಲ್ಲಾ ಕೆಂಪು ಮಾಡಿದೀನಲ್ಲಾ," ಎಂದಳು ಪಂಕಜಾ.