ಭುಜದ ಹೊಲಿಗೆ

ನನ್ನ ಅತ್ತೆಗೆ ಟೇಪು ಬೇಕಿಲ್ಲ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲವನ್ನೂ ಅವಳ ಕಣ್ಣು ಅಳೆದಿರುತ್ತದೆ. ಆದರೂ ಟೇಪು ಹಿಡಿಯುತ್ತಾಳೆ. "ಅಳೀದೆ ಹೊಲಿದ್ರೆ ಜನಕ್ಕೆ ನಂಬಿಕೆ ಬರಲ್ಲ ಕಣೇ" ಎನ್ನುತ್ತಾಳೆ. ಟೇಪು ಇಡದೆ ಅವಳು ಅಂಗಿ ಹೊಲಿದದ್ದು ಒಬ್ಬನಿಗೇ, ತನ್ನ ತಮ್ಮನಿಗೆ. ಆ ತಮ್ಮ ನನ್ನ ಅಪ್ಪ. ಅವನು ಜೈಲಿನಲ್ಲಿದ್ದ. ಗಾಜಿನ ಆಚೆ ಕೂತವನಿಗೆ ಟೇಪು ಸುತ್ತುವುದಾದರೂ ಹೇಗೆ?

ಗೋದಾಮಿನಲ್ಲಿ ನಡೆದ ಜಗಳದಲ್ಲಿ ಅಪ್ಪ ಜೊತೆಗಾರನೊಬ್ಬನನ್ನು ಮೆಟ್ಟಿಲ ಮೇಲಿಂದ ತಳ್ಳಿದ. ಆತ ಬದುಕಲಿಲ್ಲ. ನನಗಾಗ ಹನ್ನೆರಡು ವರ್ಷ. ಅಮ್ಮ ಮೊದಲೇ ತೀರಿಕೊಂಡಿದ್ದಳು. ಅತ್ತೆ ನನ್ನನ್ನು ತನ್ನ ಹೊಲಿಗೆ ಅಂಗಡಿಯ ಮೇಲಿನ ಕೋಣೆಗೆ ಕರೆತಂದು ಸಾಕಿದಳು. ಅಪ್ಪನ ಮುಖ ನೋಡುವುದಿಲ್ಲ ಎಂದು ನಾನು ಹಟ ಹಿಡಿದೆ. ಶಾಲೆಯಲ್ಲಿ ಎಲ್ಲರ ಬಾಯಿಗೆ ಬಿದ್ದ ಹುಡುಗಿಗೆ ಅಷ್ಟಾದರೂ ಸಿಟ್ಟು ಬೇಡವೇ? ಅತ್ತೆ ಬಲವಂತ ಮಾಡಲಿಲ್ಲ. ತಿಂಗಳಿಗೆ ಎರಡು ಶನಿವಾರ ಅಂಗಡಿ ಮುಚ್ಚಿ, ಎರಡು ಬಸ್ಸು ಹತ್ತಿ ಇಳಿದು ತಾನೊಬ್ಬಳೇ ಹೋಗಿಬರುತ್ತಿದ್ದಳು. ಏಳು ವರ್ಷದಲ್ಲಿ ತಪ್ಪಿದ್ದು ಒಂದೇ ಸಲ, ಕಾಲು ಉಳುಕಿದಾಗ. ಅಕ್ಕನೂ ಕೈಬಿಟ್ಟಳು ಎಂದುಕೊಂಡು ಅಪ್ಪ ಆಗ ಐದು ದಿನ ಊಟ ಮುಟ್ಟಲಿಲ್ಲವಂತೆ.

ಭೇಟಿಗೆ ಸಿಗುವುದು ಇಪ್ಪತ್ತು ನಿಮಿಷ. ಮೊದಲ ಸಲ ಇಬ್ಬರೂ ಅದನ್ನು ಅಳುತ್ತಲೇ ಕಳೆದರಂತೆ. ಅಂದಿನಿಂದ ಅತ್ತೆ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದಳು. ವರ್ಷಕ್ಕೆ ಎರಡು ಅಂಗಿ ಕೊಡಲು ಬಿಡುತ್ತಿದ್ದರು, ಜೇಬು ಇರಬಾರದು ಅಷ್ಟೇ.

ಹೀಗಿರುವಾಗ ಒಂದು ಅಂಗಿಯ ಕಾಲರಿನಲ್ಲಿ ಸೂಜಿ ಉಳಿದುಬಿಟ್ಟಿತು. ಜೈಲಿನ ಬಾಗಿಲಲ್ಲಿ ತಪಾಸಣೆ ಮಾಡುವ ಹೆಂಗಸಿನ ಬೆರಳಿಗೆ ಚುಚ್ಚಿ ರಕ್ತ ಬಂತು. ಯಾರದಿದು ಎಂದು ಕೇಳಿದ್ದಕ್ಕೆ ಅತ್ತೆ, "ನಂದೇ ಅಮ್ಮಾ, ಮರೆತುಬಿಟ್ಟೆ" ಎಂದಳು. ಅಂಗಿ ವಾಪಸ್ಸು ಬಂತು. ಮೂರು ತಿಂಗಳು ಅತ್ತೆಯ ಭೇಟಿ ಬಂದ್. ಮನೆಯವರು ಬೇರೆ ಯಾರಾದರೂ ಬರಬಹುದು ಎಂದರಂತೆ. ಬೇರೆ ಯಾರಿದ್ದಾರೆ?

ಆ ಸೂಜಿ ಅತ್ತೆಯದಲ್ಲ. ಅವಳ ಸೂಜಿಗಳು ಮಣಿಕಟ್ಟಿಗೆ ಕಟ್ಟಿಕೊಂಡ ಪುಟ್ಟ ದಿಂಬು ಬಿಟ್ಟು ಕದಲುವುದಿಲ್ಲ. ಕೈಗೆ ಸಿಕ್ಕ ಬಟ್ಟೆಗೆ ಸೂಜಿ ಚುಚ್ಚಿ ಎದ್ದುಹೋಗುವ ಕೆಟ್ಟ ಚಾಳಿ ನನ್ನದು. ಆ ಅಂಗಿಗೆ ಗುಂಡಿ ಹಾಕಿದ್ದೂ ನಾನೇ, ಮುಗಿದರೆ ಸಾಕು ಎಂದು ಮುಖ ಸಿಂಡರಿಸಿಕೊಂಡು. ಅತ್ತೆ ಬೈಯಲಿ ಎಂದು ಕಾದೆ. ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು.

"ಮೂರು ತಿಂಗಳು ಯಾರೂ ಬರ್ಲಿಲ್ಲ ಅಂದ್ರೆ ಆ ಪೆದ್ದ ಏನ್ ಮಾಡ್ಕೋತಾನೋ" ಎಂದಳು, ಅಷ್ಟೇ. ಬೈದಿದ್ದರೆ ಎದುರು ಮಾತಾಡಿ ಪಾರಾಗುತ್ತಿದ್ದೆ.

"ನಾನು ಹೋಗ್ತೀನಿ ಅತ್ತೆ."

ಶನಿವಾರ ಚೀಟಿ ನನ್ನ ಕೈಗಿಟ್ಟಳು. "ಅವನ ಭುಜದ ಹೊಲಿಗೆ ನೋಡ್ಕೊಂಡು ಬಾ. ಚೆನ್ನಾಗಿ ತಿಂತಿದೀನಿ ಅಂತ ಬಾಯಲ್ಲಿ ಹೇಳ್ತಾನೆ. ಹೊಲಿಗೆ ಭುಜ ಬಿಟ್ಟು ತೋಳಿಗೆ ಜಾರಿದ್ರೆ ಸೊರಗಿದಾನೆ ಅಂತಲೇ."

ಬಾಗಿಲಲ್ಲಿ ಅದೇ ತಪಾಸಣೆಯ ಹೆಂಗಸು. ಉಗಿಯುತ್ತಾಳೆ ಎಂದುಕೊಂಡಿದ್ದೆ. "ಸೂಜಿ ಅಕ್ಕನ ಮನೆಯವಳಾ? ಹೆದರ್ಬೇಡ, ಹೋಗು" ಎಂದು ಬೆನ್ನು ತಟ್ಟಿ ಒಳಗೆ ಬಿಟ್ಟಳು. ಆ ಕೈಯನ್ನು ನಾನು ಮರೆಯುವುದಿಲ್ಲ.

ಅಪ್ಪ ಅಕ್ಕನನ್ನು ಹುಡುಕುತ್ತಾ ಬಂದ, ನನ್ನನ್ನು ಕಂಡು ನಿಂತಲ್ಲೇ ನಿಂತ. ಗಾಜಿನ ಈಚೆ ನಾನು ಫೋನು ಕಿವಿಗಿಟ್ಟು, ಅವನ ಮುಖ ನೋಡಲಾರದೆ, ಚೀಟಿಯನ್ನು ಹಾಜರಿ ಕೂಗಿದ ಹಾಗೆ ಓದತೊಡಗಿದೆ. ಹಳೇ ಮೆಷಿನ್ನಿಗೆ ಹೊಸ ಬೆಲ್ಟು ಹಾಕಿದೆ. ಪಕ್ಕದ ಮನೆ ಬೆಕ್ಕು ಮೂರು ಮರಿ ಹಾಕಿದೆ. ಕೊನೆಯ ಸಾಲು: "ನೀನು ಸರಿಯಾಗಿ ಊಟ ಮಾಡ್ತೀಯಾ ಅಂತ ಮಗಳು ಕೇಳಿದಳು."

ಆ ಸಾಲನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡೆ.

"ಗೊತ್ತು ಕಂದಾ" ಎಂದ ಅಪ್ಪ. "ಅಕ್ಕ ಪ್ರತಿ ಸಲ ಕಡೇಲಿ ಅದನ್ನೇ ಹೇಳ್ತಾಳೆ. ನೀನು ಕೇಳ್ತೀಯಲ್ಲಾ ಅಂತಲೇ ನಾನು ತಟ್ಟೆ ಮುಂದೆ ಕೂತ್ಕೊಳ್ಳೋದು."

ಏಳು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ನನ್ನ ಹೆಸರಿನಲ್ಲಿ ಅತ್ತೆ ಕೇಳುತ್ತಾ ಬಂದಿದ್ದಳು, ನನಗೊಂದು ಮಾತು ಹೇಳದೆ, ನನ್ನ ಸಿಟ್ಟಿಗೆ ಅಡ್ಡ ಬಾರದೆ. ನಾನು ಹಿಂತಿರುಗಿ ಬರಲು ಒಂದು ಬಾಗಿಲು ಉಳಿದಿದ್ದರೆ ಅದು ಅವಳು ತೆರೆದಿಟ್ಟದ್ದು. ಅವಳ ಋಣ ನಾನು ತೀರಿಸಲಾರೆ, ತೀರಿಸುವ ಆಸೆಯೂ ಇಲ್ಲ.

ತಲೆ ಎತ್ತಿ ಅಪ್ಪನ ಭುಜ ನೋಡಿದೆ. ಹೊಲಿಗೆ ಎರಡು ಬೆರಳು ಜಾರಿತ್ತು.

"ಅಪ್ಪಾ, ಸರಿಯಾಗಿ ಊಟ ಮಾಡ್ತಿದೀಯಾ?"

"ಚೆನ್ನಾಗಿ ಮಾಡ್ತೀನಿ."

"ಸುಳ್ಳು. ಎರಡು ಬೆರಳು ಇಳಿದಿದೆ."

ಅವನು ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕ. "ಅಕ್ಕನ ಕಣ್ಣು ನಿಂಗೂ ಬಂತಾ!"

ಮನೆಗೆ ಬಂದು "ಎರಡು ಬೆರಳು" ಎಂದೆ. ಅತ್ತೆ ವಾಪಸ್ಸು ಬಂದ ಅಂಗಿಯ ಭುಜ ಬಿಚ್ಚಿ ನನ್ನ ಮುಂದಿಟ್ಟಳು. ನಾನು ಹೊಲಿದೆ, ಸೂಜಿಗಳನ್ನು ಮೂರು ಸಲ ಎಣಿಸಿದೆ. ಸಾಲದು ಎಂದು ಅವಳು ಅಂಗಿಯ ಮೇಲೆ ಮ್ಯಾಗ್ನೆಟ್ಟನ್ನೂ ಆಡಿಸಿದಳು.

ಮುಂದಿನ ಭೇಟಿಗೆ ಹೊರಟಾಗ ಚೀಟಿ ಕೊಟ್ಟಳು. ಬಸ್ಸಿಗೆ ಹೊತ್ತಾಗಿದ್ದರೂ ಬಿಚ್ಚಿ ನೋಡಿದೆ. ಕೊನೆಯ ಸಾಲು ಇರಲಿಲ್ಲ.

"ಮರೆತುಬಿಟ್ಯಾ ಅತ್ತೆ?"

ಅವಳು ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

"ಅದನ್ನ ಇನ್ನು ನೀನೇ ಕೇಳ್ತೀಯಲ್ಲ."