ಕಾಕಾ ‘ಇಲ್ಲ’ ಎಂದು ಬರೆದ ಏಳು ಸ್ಲೈಡು

‘ಇದೆ’ ಎಂದಿತು ಕಂಪ್ಯೂಟರ್. ‘ಇಲ್ಲ’ ಎನ್ನುತ್ತಿತ್ತು ರಿಜಿಸ್ಟರ್.

ಒಂದೇ ಸ್ಲೈಡಿನ ಮಾತಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಏಳು ಸ್ಲೈಡು. ಏಳರಲ್ಲೂ ಟಿಬಿ ಇದೆ ಎಂದು ಅದರ ಹಠ. ನಿನ್ನೆ ಮೊನ್ನೆ ಕಣ್ಣು ಬಿಟ್ಟ ಪ್ರೋಗ್ರಾಮು, ಮೂವತ್ತೈದು ವರ್ಷ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕೂತ ಮನುಷ್ಯನಿಗೆ ಎದುರುತ್ತರ ಕೊಡುತ್ತಿದೆ! ನೀವಾಗಿದ್ದರೆ ಯಾರನ್ನು ನಂಬುತ್ತಿದ್ದಿರಿ?

ನಾನಂತೂ ಮನುಷ್ಯನನ್ನೇ ನಂಬಿದೆ.

ಈ ಹೊಸ ಹುಚ್ಚು ನನಗೆ ಹತ್ತಿದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ಅಥಣಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಐವತ್ತೆರಡು ವರ್ಷ. ಕಂಪ್ಯೂಟರಿನಲ್ಲಿ ನನ್ನ ಸಾಧನೆಯೆಂದರೆ ಇಂಟರ್ನಲ್ ಮಾರ್ಕ್ಸ್ ತುಂಬುವುದು (ಅದರಲ್ಲೂ ಎರಡು ಸಲ ಒಬ್ಬನ ಮಾರ್ಕ್ಸು ಇನ್ನೊಬ್ಬನಿಗೆ ಹೋಗಿದೆ). ಹೋದ ಬೇಸಿಗೆ ರಜೆಯಲ್ಲಿ ಬೆಳಗಾವಿಯಲ್ಲಿ ನಮ್ಮಂಥ ಮೇಷ್ಟ್ರುಗಳಿಗೆ ಹತ್ತು ದಿನದ ತರಬೇತಿ ಇತ್ತು. ವಿಷಯ ಮಷೀನ್ ಲರ್ನಿಂಗ್. ಅಂದರೆ ಮೈಕ್ರೋಸ್ಕೋಪಿನ ಫೋಟೋ ನೋಡಿ ಕಂಪ್ಯೂಟರೇ ರೋಗ ಗುರುತಿಸುವಂತೆ ಮಾಡುವುದು. ಕಲಿಸಿದ ಹುಡುಗಿಗೆ ನನ್ನ ವಯಸ್ಸಿನ ಅರ್ಧವೂ ಇರಲಿಲ್ಲ. ಮೊದಲ ಮೂರು ದಿನ ನನಗೆ ತಿಳಿದದ್ದು ಊಟದ ಗಂಟೆ ಮಾತ್ರ.

ನಾಲ್ಕನೆಯ ದಿನ ಬುದ್ಧಿಗೆ ಇಳಿಯಿತು. ಇದರಲ್ಲಿ ಮಂತ್ರ ಏನೂ ಇಲ್ಲ. ಸಾವಿರಾರು ಚಿತ್ರ ತೋರಿಸುತ್ತ, ‘ಇದರಲ್ಲಿ ಇದೆ’, ‘ಇದರಲ್ಲಿ ಇಲ್ಲ’ ಎಂದು ಹೇಳುತ್ತ ಹೋಗಬೇಕು. ಕೂಸಿಗೆ ಆಕಳು, ಎಮ್ಮೆ ತೋರಿಸಿದ ಹಾಗೆ. ಗುರುತು ಅದೇ ಹಿಡಿಯುತ್ತದೆ. ಆದರೆ ನಾವು ಆಕಳನ್ನು ಎಮ್ಮೆ ಎಂದರೆ ಅದೂ ಎಮ್ಮೆ ಎನ್ನುತ್ತದೆ. ನಾವು ಬರೆದುಕೊಡುವ ‘ಇದೆ-ಇಲ್ಲ’ಕ್ಕೆ ಆ ಹುಡುಗಿ ‘ಗ್ರೌಂಡ್ ಟ್ರುತ್’ ಎನ್ನುತ್ತಿದ್ದಳು. ನೆಲದಷ್ಟು ಗಟ್ಟಿಯಾದ ಸತ್ಯವಂತೆ.

ಅಂಥ ಸತ್ಯ ನಮ್ಮೂರಲ್ಲಿ ಎಲ್ಲಿ ಸಿಗುತ್ತದೆ? ಕಾಕಾನ ಲ್ಯಾಬಿನಲ್ಲಿ. ಕಾಕಾ ನನ್ನ ಅಪ್ಪನ ಗೆಳೆಯರು. ಹಳೇ ಪೇಟೆಯಲ್ಲಿ ಅವರದೊಂದು ಸಣ್ಣ ರಕ್ತ-ಕಫ ತಪಾಸಣೆಯ ಲ್ಯಾಬು. ಬೇರೆಯವರು ಸ್ಲೈಡು ತೊಳೆದು ಮತ್ತೆ ಬಳಸಿದರೆ ಕಾಕಾ ಎಲ್ಲವನ್ನೂ ನಂಬರು ಹಾಕಿ ಕಟ್ಟಿಗೆಯ ಡಬ್ಬಿಯಲ್ಲಿ ಇಡುತ್ತಾರೆ. ಕೇಳಿದಾಗ ಡಬ್ಬಿಯನ್ನು ಎತ್ತಿ ಮತ್ತೆ ಕೆಳಗಿಟ್ಟು, ‘ಹೆಸರ ಬ್ಯಾಡ ತಂಗಿ. ನಂಬರ ಅಷ್ಟ ತಗೊ,’ ಎಂದು ಡಬ್ಬಿಯನ್ನೂ ರಿಜಿಸ್ಟರಿನ ‘ಇದೆ-ಇಲ್ಲ’ದ ಪಟ್ಟಿಯನ್ನೂ ಕೊಟ್ಟರು. ಆಗ ನಾನು ಅದಕ್ಕೆ ಅರ್ಥ ಹಚ್ಚಲಿಲ್ಲ.

ಜೂನ್ ಪೂರ್ತಿ ಕಾಲೇಜಿನ ಮೈಕ್ರೋಸ್ಕೋಪಿಗೆ ಮೊಬೈಲು ಕಟ್ಟಿ ಫೋಟೋ ತೆಗೆದೆ. ಕಫದ ಸ್ಲೈಡಿಗೆ ಬಣ್ಣ ಹಾಕಿದರೆ ಉಳಿದದ್ದೆಲ್ಲ ನೀಲಿ, ಟಿಬಿ ಕ್ರಿಮಿ ಮಾತ್ರ ಕೆಂಪು ಕಡ್ಡಿ. ಫೋಟೋಗಳನ್ನೂ ರಿಜಿಸ್ಟರಿನ ‘ಇದೆ-ಇಲ್ಲ’ವನ್ನೂ ಕೂಡಿಸಿ ಕಂಪ್ಯೂಟರಿಗೆ ಉಣಿಸಿದೆ. ಕಲಿಯಿತು. ಅದಕ್ಕೆ ಎಂದೂ ತೋರಿಸದ ಸ್ಲೈಡುಗಳನ್ನು ಕೊಟ್ಟು ಪರೀಕ್ಷೆ ಮಾಡಿದೆ. ಪಾಸಾಯಿತು. ಈ ಏಳರಲ್ಲಿ ಮಾತ್ರ ತಕರಾರು.

ನಾನು ಮೇಷ್ಟ್ರು. ಎದುರು ಮಾತಾಡುವ ವಿದ್ಯಾರ್ಥಿಗೆ ಏನು ಮಾಡುತ್ತೇನೆ? ಅದನ್ನೇ ಮಾಡಿದೆ. ಆ ಏಳನ್ನೂ ಪಾಠದ ರಾಶಿಗೆ ಸೇರಿಸಿ ‘ಇಲ್ಲ, ಇಲ್ಲ, ಇಲ್ಲ’ ಎಂದು ಮತ್ತೆ ಮತ್ತೆ ಕಲಿಸಿದೆ. ನಾಲ್ಕನೆಯ ಸಲಕ್ಕೆ ಐದು ಸ್ಲೈಡಿನ ವಿಷಯದಲ್ಲಿ ಅದು ಸೋತು ‘ಇಲ್ಲ’ ಎಂದಿತು. ಖುಷಿಯಲ್ಲಿ ಎರಡು ಕಪ್ ಚಹಾ ಕುಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಇನ್ನೆರಡು ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಅದೇನು ನೋಡುತ್ತಿದೆ ಇದು ಎಂಬ ಸಿಟ್ಟಿನಲ್ಲಿ ಒಂದು ಸ್ಲೈಡನ್ನು ನಾನೇ ಮೈಕ್ರೋಸ್ಕೋಪಿನ ಕೆಳಗಿಟ್ಟೆ.

ಕೆಂಪು ಕಡ್ಡಿ. ಒಂದಲ್ಲ, ಎರಡಲ್ಲ. ಗುಂಪು ಗುಂಪು.

ಎರಡನೆಯದರಲ್ಲೂ. ಸೋತು ‘ಇಲ್ಲ’ ಎಂದಿದ್ದ ಐದರಲ್ಲೂ. ಮೊದಲ ವರ್ಷದ ಬಿಎಸ್ಸಿ ಹುಡುಗಿಗೂ ಕಾಣುವಷ್ಟು. ಅಂಥದ್ದು ಕಾಕಾಗೆ ಕಾಣಲಿಲ್ಲವೇ?

ಮಧ್ಯಾಹ್ನ ಲ್ಯಾಬಿನಲ್ಲಿ ಜನ ಇಲ್ಲದ ಹೊತ್ತು ನೋಡಿ ಹೋದೆ. ಏಳೂ ಸ್ಲೈಡನ್ನು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟೆ. ಕಾಕಾ ನಂಬರು ನೋಡಿದರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

‘ಕಾಕಾ, ಇವು ಕಣ್ಣು ತಪ್ಪಿದ್ದಲ್ಲ.’

‘ಅಲ್ಲ.’

‘ಮತ್ತ?’

ರಿಜಿಸ್ಟರು ತೆರೆದು ಹೆಸರಿನ ಮೇಲೆ ಬೆರಳಿಟ್ಟರು. ಏಳೂ ಹೆಣ್ಣು. ಏಳೂ ಆಗ ಮದುವೆಯಾಗದವರು. ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತು...

‘ಇವರಪ್ಪ ಅವ್ವ ಬಂದ ಕಾಲ ಹಿಡೀತಾರ ತಂಗಿ. ಕಾಗದದ ಮ್ಯಾಲ ಬರೀಬ್ಯಾಡ್ರಿ, ಹುಡಗೀ ಲಗ್ನ ನಿಂದರತೈತಿ ಅಂತಾರ. ಐತಿ ಅಂತ ಬರದ್ನಿ ಅಂದ್ರ ಔಷಧ ಹಿಡಕೊಂಡ ಮನೀಗೆ ಸರಕಾರಿ ಕಾರ್ಯಕರ್ತಿ ಬರ್ತಾಳ. ಓಣಿ ತುಂಬ ಸುದ್ದಿ. ಅದಕ್ಕ, ನಾ ಇಲ್ಲಿ ಇಲ್ಲಾ ಅಂತ ಬರೀತೀನಿ, ನೀವು ಮಿರಜಿಗೆ ಹೋಗಿ ಔಷಧ ಚಾಲೂ ಮಾಡ್ರಿ ಅಂತ ಆಣಿ ಮಾಡಿಸಿಕೋತೀನಿ.’

ಮಿರಜ! ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಚ್ಚಿಡಬೇಕಾದ ಕಾಯಿಲೆಗಳೆಲ್ಲ ಗಡಿ ದಾಟಿ ಅಲ್ಲಿಗೇ ಹೋಗುತ್ತವೆ. ಅಲ್ಲಿ ನಮ್ಮನ್ನು ಗುರುತಿಸುವವರಿಲ್ಲ.

‘ನೀವು ಡಾಕ್ಟರೂ ಅಲ್ಲ, ದೇವರೂ ಅಲ್ಲ,’ ಎಂದು ಕೂಗಿಬಿಟ್ಟೆ.

‘ಆ ಹುಡಗ್ಯಾರು ಇಲ್ಲಿ ನಿಂತ ಅಳುವಾಗ ನೀ ಇರಲಿಲ್ಲ,’ ಎಂದರು ಕಾಕಾ.

ಏಳರಲ್ಲಿ ಆರು ಮಂದಿ ಮಿರಜಿನ ಗುಳಿಗೆಯ ಚೀಟಿಯನ್ನು ತಿಂಗಳು ತಿಂಗಳು ತಂದು ತೋರಿಸಿದ್ದಾರೆ. ಏಳನೆಯವಳು ರಾಯಬಾಗ ತಾಲ್ಲೂಕಿನ ಪಾಲಬಾವಿಯವಳು. ಸುಜಾತಾ ಎಂದಿಟ್ಟುಕೊಳ್ಳಿ. (ಹೆಸರು, ಊರು ಎಲ್ಲ ಬದಲಿಸಿದ್ದೇನೆ. ಹುಡುಕಲು ಹೋಗಬೇಡಿ.) ಜನವರಿಯಲ್ಲಿ ತಪಾಸಣೆ. ಫೆಬ್ರವರಿ, ಮಾರ್ಚ್, ಏಪ್ರಿಲಿನ ಚೀಟಿ ಬಂತು. ಮೇ ತಿಂಗಳಲ್ಲಿ ಗಡಿಯಂಚಿನ ಭೋಜ ಊರಿಗೆ ಮದುವೆ ಮಾಡಿ ಕೊಟ್ಟರು. ಆಮೇಲೆ ಸುದ್ದಿ ಇಲ್ಲ.

ಕಾಕಾ ನನ್ನೆದುರೇ ಅವಳ ಅಪ್ಪನಿಗೆ ಫೋನ್ ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸಿತು: ‘ಛಲೋ ಅದಾಳರಿ. ಔಷಧ ಎಲ್ಲಾ ಮುಗೀತು.’

ಆರು ತಿಂಗಳ ಔಷಧ. ಆಗಿನ್ನೂ ಜುಲೈ; ಫೆಬ್ರವರಿಯಿಂದ ಎಣಿಸಿದರೂ ಆರು ತಿಂಗಳು ತುಂಬಿರಲಿಲ್ಲ. ಮುಗಿಯಿತು ಎಂದರೆ ಹೇಗೆ?

ನಡುವೆ ಬಿಟ್ಟ ಟಿಬಿ ಔಷಧ ಏನು ಮಾಡುತ್ತದೆ ಎಂದು ನನಗೆ ಗೊತ್ತು. ಕಾಕಾಗೆ ಇನ್ನೂ ಚೆನ್ನಾಗಿ ಗೊತ್ತು. ಕ್ರಿಮಿ ಮತ್ತೆ ಹುಟ್ಟುತ್ತದೆ. ಆ ಸಲ ಔಷಧಕ್ಕೂ ಬಗ್ಗದೆ ಹುಟ್ಟಬಹುದು. ಅವಳ ಜೀವಕ್ಕೇ ಕುತ್ತು, ಮನೆಯವರಿಗೂ ಅಂಟೀತು. ಗಂಡನ ಮನೆಗೆ ಹೋಗಿ ಹೇಳಿದರೆ? ಮುಚ್ಚಿಟ್ಟು ಮದುವೆ ಮಾಡಿದರು ಎಂದು ಅವಳನ್ನು ಆ ದಿನವೇ ತವರಿಗೆ ಅಟ್ಟಿಯಾರು. ಹೇಳಿದರೆ ಸಂಸಾರ ಹೋಯಿತು, ಹೇಳದಿದ್ದರೆ ಹುಡುಗಿ ಹೋದಳು.

ಮರುದಿನ ಭಾನುವಾರ ಕಾಕಾ, ನಾನು ಭೋಜಕ್ಕೆ ಹೊರಟೆವು. ಮಳೆ ಬಿಟ್ಟಿರಲಿಲ್ಲ. ದೂಧಗಂಗಾ ಏರುತ್ತಿದೆ, ಸೇತುವೆ ಮುಳುಗಿದರೆ ವಾರಗಟ್ಟಲೆ ಆ ಹಾದಿ ಬಂದ್ ಎಂದು ಕಂಡಕ್ಟರ್ ಹೇಳಿದ. ಚಿಕ್ಕೋಡಿಯಲ್ಲಿ ಬಸ್ ಬದಲಿಸಿದೆವು. ನೀರು ಸೇತುವೆಯಿಂದ ಒಂದು ಮೊಳ ಕೆಳಗಿತ್ತು.

‘ಯಾ, ಬಸಾ,’ ಎಂದು ಮರಾಠಿಯಲ್ಲಿ ಸ್ವಾಗತಿಸಿದ ಸುಜಾತಾಳ ಅತ್ತೆ, ನಾವು ಸೊಸೆಯನ್ನು ನೋಡಲು ಅಥಣಿಯಿಂದ ಬಂದವರು ಎಂದು ತಿಳಿದ ಕೂಡಲೇ ಕನ್ನಡಕ್ಕೆ ಹೊರಳಿದಳು. ‘ಸೊಸಿ ತವರ ಕಡೆ ಪಾವಣೇರು, ಚಾ ಕುಡೀದ ಹೋಗೂ ಹಂಗಿಲ್ಲ.’ ಮಗ ಡ್ಯೂಟಿಗೆ ಹೋಗಿದ್ದ. ಒಳಗಿನಿಂದ ಕೆಮ್ಮು ಕೇಳಿಸಿತು. ಆ ಕೆಮ್ಮು ಕೇಳಿ ಕಾಕಾ ಕಣ್ಣು ಮುಚ್ಚಿಕೊಂಡರು.

ಚಹಾ ಮಾಡುವ ನೆಪದಲ್ಲಿ ನಾನು ಒಲೆಯ ಹತ್ತಿರ ಹೋದೆ. ಸುಜಾತಾ ಕೊರಳಿನ ಎಲುಬು ಎಣಿಸುವಷ್ಟು ಸೊರಗಿದ್ದಳು. ‘ಗುಳಿಗಿ?’ ಎಂದು ಮೆಲ್ಲಗೆ ಕೇಳಿದೆ.

‘ಇಲ್ಲಿ ಎಲ್ಲಿ ಇಟ್ಕೊಳ್ಳಿರಿ? ಅತ್ತಿ ಎಲ್ಲಾ ಡಬ್ಬಿ ತಗದ ನೋಡ್ತಾರ. ಲಗ್ನದ ಹಿಂದಿನ ದಿನಾ ಬಿಟ್ಟೇನಿ,’ ಎಂದಳು. ‘ಹೇಳಬ್ಯಾಡ್ರಿ ಬಾಯಾರ. ನಿಮ್ಮ ಕಾಲ ಬೀಳ್ತೀನಿ.’

ನಾವು ಹೊರಗೆ ಬರುವಷ್ಟರಲ್ಲಿ ಅತ್ತೆ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಕೂತಿದ್ದಳು. ‘ಒಂದ ಸವನ ಕೆಮ್ಮತಾಳ ನೋಡ್ರಿ. ಡಾಕ್ಟರಿಗೆ ತೋರಿಸಿದ್ವಿ. ಟಿಬಿ ಇರಬಹುದೇನು ಅಂದ್ರು. ಹಂಗೇನಿಲ್ಲರಿ, ತಪಾಸಣಿ ಆಗೈತಿ ಅಂತ ಈ ಕಾಗದ ತೋರಿಸಿದ್ನಿ. ಲಗ್ನದ ಮಾತಿನಾಗ ಅವರಪ್ಪ ಕೊಟ್ಟಿದ್ದ. ಹಂಗಾದ್ರ ಚಿಂತಿಲ್ಲ ಅಂತ ಕೆಮ್ಮಿನ ಔಷಧ ಬರದ ಕೊಟ್ರು.’

ಕಾಗದವನ್ನು ಕಾಕಾನ ಕೈಗೇ ಕೊಟ್ಟಳು. ಬರೆದವರೇ ಅವರು ಎಂದು ಅವಳಿಗೇನು ಗೊತ್ತು? ಕಾಕಾನ ಅಕ್ಷರ. ಕಾಕಾನ ಸಹಿ. ‘ಇಲ್ಲ.’

ನಾನು ಕಂಪ್ಯೂಟರಿಗೆ ಹೊಡೆದು ಬಡಿದು ಕಲಿಸಿದ್ದೂ ಇದೇ ‘ಇಲ್ಲ’. ಒಬ್ಬ ಡಾಕ್ಟರು ನಂಬಿ ಕೈಬಿಟ್ಟದ್ದೂ ಇದೇ ‘ಇಲ್ಲ’. ಕನಿಕರದಿಂದ ಬರೆದ ಸುಳ್ಳು ಎಂದು ಕಾಗದದ ಮೇಲೆ ಎಲ್ಲಾದರೂ ಬರೆದಿರುತ್ತದೆಯೇ?

ಕಾಕಾ ಎದ್ದು ನಿಂತರು. ‘ಈ ಲ್ಯಾಬ ನಂದ, ಬಾಯಿ. ಇದು ತಪ್ಪೈತಿ. ನನ್ನ ಕಣ್ಣ ತಪ್ಪಿ ಇಲ್ಲಾ ಅಂತ ಬರದೇನಿ. ಹಳೇ ಸ್ಲೈಡ ಮತ್ತ ನೋಡಿದಾಗ ತಿಳೀತು. ಅದಕ್ಕ ಓಡಿ ಬಂದೇನಿ. ಹುಡಗೀಗಿ ಟಿಬಿ ಐತಿ.’

ಅತ್ತೆ ಸೊಸೆಯ ಮುಖ ನೋಡಿದಳು. ‘ಅಂದ್ರ ಲಗ್ನದಕಿಂತ ಮೊದಲ ಇತ್ತೇನು? ಇವರ ಮನ್ಯಾಗ ಗೊತ್ತಿತ್ತೇನು?’

ಸುಜಾತಾ ಗೋಡೆ ಹಿಡಿದು ನಿಂತಿದ್ದಳು.

‘ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದಾಂವ ನಾ ಒಬ್ಬನ,’ ಎಂದರು ಕಾಕಾ.

ಅತ್ತೆಯ ಬಾಯಿ ಆಗ ತೆರೆಯಿತು. ‘ಕಣ್ಣ ಕಾಣೂದಿಲ್ಲಂದ್ರ ಮನ್ಯಾಗ ಕುಂದರಬೇಕೋ ಮುದುಕಾ! ನನ್ನ ಸೊಸಿ ಜೀವಾ ತಗೀತಿದ್ಯಲ್ಲೋ!’ ಅಲ್ಲಿಂದ ಮುಂದೆ ಎರಡು ಭಾಷೆಯಲ್ಲಿ ಬಂದದ್ದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು. ಕಾಕಾ ತಲೆ ತಗ್ಗಿಸಿ ಪೂರ್ತಿ ಕೇಳಿದರು. ಮೂವತ್ತೈದು ವರ್ಷದಲ್ಲಿ ಅವರ ಕಣ್ಣಿನ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ನನಗೆ ಅಳು ಬಂತು. ಆದರೂ ಅವಳು ‘ನನ್ನ ಸೊಸಿ’ ಎಂದದ್ದು ಕೇಳಿ ಜೀವ ಬಂತು.

ಆ ಮಧ್ಯಾಹ್ನವೇ ಸುಜಾತಾಳನ್ನು ಅತ್ತೆಯ ಜೊತೆ ನಿಪ್ಪಾಣಿಗೆ ಕರೆದೊಯ್ದು ಕಫ ಕೊಡಿಸಿದೆವು. ಔಷಧಕ್ಕೆ ಬಗ್ಗುವ ಜಾತಿಯೋ ಬಗ್ಗದ್ದೋ ಎಂದು ತಿಳಿಯಲು ಎರಡು ದಿನ. ಆ ಎರಡು ದಿನ ನಾನು ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ವಿದ್ಯಾರ್ಥಿಗಳೇ ಹೇಳಬೇಕು. ಮೂರನೆಯ ದಿನ ಫೋನ್ ಬಂತು. ಬಗ್ಗುವ ಜಾತಿ.

ಔಷಧ ಮತ್ತೆ ಮೊದಲಿನಿಂದ ಸುರುವಾಯಿತು. ದಿನಾ ಎದುರು ನಿಂತು ನುಂಗಿಸಿದವಳು ಆ ಅತ್ತೆಯೇ. ಅದು ಮುಗಿಯಲೆಂದೇ ಈ ಬರಹಕ್ಕೆ ಇಷ್ಟು ತಿಂಗಳು ಕಾದೆ. ಮುಗಿದಿದೆ. ಹುಡುಗಿ ಆರಾಮಾಗಿದ್ದಾಳೆ. ಬರೆಯಲೇ ಎಂದು ಕಾಕಾನನ್ನು ಕೇಳಿದ್ದಕ್ಕೆ, ‘ಬರಿ. ನನ್ನ ಏನ ಅಂತಾರ ಅನ್ಲಿ,’ ಎಂದರು.

ಕಂಪ್ಯೂಟರಿನಲ್ಲಿ ಏಳು ಕಡೆ ‘ಇಲ್ಲ’ ಅಳಿಸಿ ‘ಇದೆ’ ಬರೆದೆ. ಎರಡು ನಿಮಿಷದ ಕೆಲಸ. ಕಾಕಾ ಕೂಡ ಈಗ ರಿಜಿಸ್ಟರಿನಲ್ಲಿ ಕಂಡದ್ದನ್ನೇ ಬರೆಯುತ್ತಾರೆ. ಸತ್ಯ ಗೆದ್ದಿತು ಎಂದು ಚಪ್ಪಾಳೆ ತಟ್ಟಬೇಡಿ. ಕೆಮ್ಮುವ ಹುಡುಗಿಯರನ್ನು ಅವರ ಲ್ಯಾಬಿಗೆ ಕರೆತರುವುದೇ ಈಗ ಕಡಿಮೆಯಾಗಿದೆಯಂತೆ. ಎಲ್ಲಿಗೆ ಹೋಗುತ್ತಿದ್ದಾರೋ, ಹೋಗುತ್ತಲೇ ಇಲ್ಲವೋ, ಅವರಿಗೂ ತಿಳಿಯದು.

ಒಂದು ಮಾತು ಹೇಳದೆ ಬಿಟ್ಟಿದ್ದೆ. ಆ ಭಾನುವಾರ ವಾಪಸು ಬರುವಾಗ ನಾನು ಬಸ್ಸಿನಲ್ಲಿ ಮತ್ತೆ ಸಿಟ್ಟು ತೆಗೆದಿದ್ದೆ. ಮೊದಲೇ ಖರೆ ಬರೆದಿದ್ದರೆ ಏನಾಗುತ್ತಿತ್ತು ಎಂದು ಕೇಳಿದ್ದೆ. ನನ್ನ ಮಗನಿಗೆ ಆಗ ಹೆಣ್ಣು ನೋಡುತ್ತಿದ್ದೆವು. ಅದು ಕಾಕಾಗೆ ಗೊತ್ತಿತ್ತು.

‘ಖರೇ ಬರದಿದ್ನಿ ಅಂತ ತಿಳಿ. ಔಷಧ ತಗೊಂಡ ಆರಾಮೂ ಆಗ್ಯಾಳ ಅಂತ ತಿಳಿ,’ ಎಂದರು. ‘ಆ ಕಾಗದಾ ನೋಡಿದ ಮ್ಯಾಲ ಆ ಹುಡಗೀನ ನಿನ್ನ ಮಗಗ ತಂದ್ಕೋತಿದ್ದೇನ, ತಂಗಿ?’

ಅಥಣಿ ಬರುವವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ನೀವಾದರೂ ಹೇಳಿ, ತಂದುಕೊಳ್ಳುತ್ತಿದ್ದಿರಾ?