ಮಗ್ಗದ ಸಪ್ಪಳಕ್ಕೆ ತೆರೆದ ದವಡೆ

ಇವತ್ತು ಮಾಡಿದ ಕೆಲಸ: ಅಂಗಳ ಕಸ ಹೊಡೆದು ನೀರು ಚಿಮುಕಿಸಿದೆ. ನಳ ಬಂದಿತ್ತು, ಬ್ಯಾರಲ್ ತುಂಬಿಸಿದೆ. ರೊಟ್ಟಿ ಬಡಿದೆ. ಯಜಮಾನರ ಮಗ್ಗದ ಲಾಳಿಗೆ ಕಂಡಿಕೆಯ ನೂಲು ಸುತ್ತಿಕೊಟ್ಟೆ. ಕೌದಿ ಬಿಸಿಲಿಗೆ ಹಾಕಿದೆ. ನಾದಿನಿಯಿಂದ ಬಾಯಿಯ ವ್ಯಾಯಾಮ ಮಾಡಿಸಿ, ಅವಳ ಎಕ್ಸ್‌ರೇ ಚೀಲ ಹೆಗಲಿಗೆ ಹಾಕಿಕೊಂಡು ಅವಳ ಜೊತೆ ಬೆಟಗೇರಿಯಲ್ಲಿ ಬಸ್ ಹತ್ತಿದೆ.

ಹುಬ್ಬಳ್ಳಿ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಇವತ್ತು ತಪಾಸಣೆ. ಡಾಕ್ಟರು ಅವಳ ಹಲ್ಲುಗಳ ನಡುವೆ ಮೂರು ಬೆರಳು ಒಂದರ ಮೇಲೊಂದು ಇಟ್ಟು ನೋಡುವವರಿದ್ದರು. ಮೂರೂ ಬೆರಳು ಒಳಗೆ ಹೋದರೆ ಗೆದ್ದಂತೆ. ಹೋಗದಿದ್ದರೆ ಮತ್ತೆ ಕೊಯ್ಯಬೇಕು.

ನಾದಿನಿ ಅಂದರೆ ನಮ್ಮ ಯಜಮಾನರ ತಂಗಿ. ಬ್ಲೌಸ್ ಹೊಲಿಯುತ್ತಾಳೆ, ಓಣಿಯಲ್ಲಿ ಅವಳ ಕೈಗೆ ಹೆಸರಿದೆ. ಸಣ್ಣವಳಿದ್ದಾಗ ಲಕ್ಷ್ಮೇಶ್ವರದಲ್ಲಿ ಅಜ್ಜಿಯ ಮನೆಯ ಮಾಳಿಗೆ ಮೆಟ್ಟಿಲಿನಿಂದ ಗದ್ದ ಊರಿ ಬಿದ್ದಿದ್ದಳಂತೆ. ಗದ್ದಕ್ಕೆ ಅರಿಶಿನ ಒತ್ತಿದರು, ಗಾಯ ಮಾಯಿತು. ಪೆಟ್ಟು ಕಿವಿಯ ಮುಂದಿನ ಕೀಲಿಗೂ ತಾಗಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಹೋಗ್ತಾ ಹೋಗ್ತಾ ಬಾಯಿ ಬಿಗಿಯಿತು. ನಾನು ಸೊಸೆಯಾಗಿ ಬಂದಾಗ ಅವಳ ಹಲ್ಲುಗಳ ನಡುವೆ ಕಿರುಬೆರಳಿನ ಉಗುರು ಹೋದರೆ ಹೆಚ್ಚು. ಗೋಡೆಯ ಕಡೆ ಮುಖ ಮಾಡಿ, ಕಿವುಚಿದ ಅನ್ನವನ್ನು ಪಕ್ಕದ ಹಲ್ಲಿನ ಸಂದಿಯಿಂದ ಒಳಗೆ ನೂಕುತ್ತಿದ್ದಳು. ಮದುವೆ ಮನೆಯಲ್ಲಿ ಯಾರಾದರೂ ಊಟಕ್ಕೆ ಕರೆದರೆ "ಇವತ್ತ ಉಪಾಸ ಐತ್ರಿ" ಅನ್ನುತ್ತಿದ್ದಳು. ಅವಳಿಗೆ ಎಲ್ಲ ವಾರವೂ ಉಪವಾಸವೇ.

ಹಲ್ಲುನೋವು ಬಂದಾಗ ಗದಗಿನ ಹಲ್ಲಿನ ಡಾಕ್ಟರು ನೋಡಿ, "ಹಲ್ಲು ಆಮ್ಯಾಲ ನೋಡೂಣು, ಮೊದಲ ಈ ಬಾಗಿಲಾ ತೆರಸ್ರಿ" ಎಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿನ ಡಾಕ್ಟರಮ್ಮ ನಮ್ಮ ಕಡೆಯವರೇ. ಸ್ಕ್ಯಾನ್ ಮಾಡಿಸಿ, ಮುಂದಿನ ಸಲ ಹೋದಾಗ ಮೇಜಿನ ಮೇಲೆ ಒಂದು ಬಿಳಿ ತಲೆಬುರುಡೆ ಇಟ್ಟರು. ಪ್ಲಾಸ್ಟಿಕ್ಕಿನದು. ಸ್ಕ್ಯಾನ್ ನೋಡಿ ಮಷೀನು ಪದರ ಪದರವಾಗಿ ಕಟ್ಟಿದ್ದಂತೆ.

"ಯಾರದ್ರೀ ಇದು?" ಅಂದೆ.

"ನಿಮ್ಮ ನಾದಿನೀದು. ಹಿಡದ ನೋಡ್ರಿ."

ನಾದಿನಿ ತನ್ನ ತಲೆಯನ್ನು ತಾನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಎಡಗಡೆ ದವಡೆಯ ಮೂಳೆ ತಲೆಯ ಮೂಳೆಗೆ ಹತ್ತಿ, ಬೆಲ್ಲದ ಹೆಂಟೆಯ ಹಾಗೆ ಒಂದೇ ಗಡ್ಡೆಯಾಗಿತ್ತು. "ವೈನಿ, ಒಳಗ ನಾ ಇಷ್ಟ ಕೆಟ್ಟ ಅದೀನೇನ?" ಎಂದು ಹಲ್ಲುಗಳ ಸಂದಿಯಿಂದಲೇ ನಕ್ಕಳು.

ಡಾಕ್ಟರಮ್ಮ ಆ ಬುರುಡೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತೋರಿಸಿದರು. ಹಿಂದೆ ಬರೀ ಗಡ್ಡೆ ಕೊಯ್ದು ಬಿಡುತ್ತಿದ್ದರಂತೆ. ಎಷ್ಟೋ ಜನಕ್ಕೆ ಮೂಳೆ ಮತ್ತೆ ಕೂಡಿಕೊಳ್ಳುತ್ತಿತ್ತಂತೆ. ಈಗ ಕಣ್ಣಿನ ಪಕ್ಕದ ಕಣತಲೆಯ ಸ್ನಾಯುವಿನ ಒಂದು ಪದರವನ್ನು ಬೇರು ಕೀಳದೆ ಹೊರಳಿಸಿ, ಕೊಯ್ದ ಮೂಳೆಗಳ ನಡುವೆ ಹಾಸುತ್ತಾರೆ. ಪಕ್ಕೆಲುಬಿನ ತುದಿಯ ಮೆತ್ತನೆ ಮೂಳೆ ತಂದು ಹೊಸ ಕೀಲು ಕೂಡಿಸುತ್ತಾರೆ. ಬಾಯಿ ತೆರೆಯದವರಿಗೆ ಅರಿವಳಿಕೆ ಕೊಡುವುದೇ ಕಷ್ಟ, ಮೊದಲಾಗಿದ್ದರೆ ಗಂಟಲಿಗೆ ತೂತು ಕೊರೆಯಬೇಕಿತ್ತು. ಈಗ ಕ್ಯಾಮರಾ ಇರುವ ಸಣ್ಣ ನಳಿಕೆಯನ್ನು ಮೂಗಿನಿಂದ ಇಳಿಸುತ್ತೇವೆ ಎಂದರು. ಎಲ್ಲ ಹೇಳಿ, "ಇಷ್ಟು ನಮ್ಮ ಕೆಲಸ. ಬಾಯಿ ಮತ್ತ ಮುಚ್ಚದಂಗ ನೋಡೂದು ನಿಮ್ಮ ಕೆಲಸ. ದಿನಾ, ಹೊತ್ತಹೊತ್ತಿಗೆ ತೆರೀಬೇಕು. ನೋಯ್ತೈತಿ. ಬಿಡಂಗಿಲ್ಲ" ಅಂದರು.

ಆಪರೇಷನ್ ಮುಂಜಾನೆ ಶುರುವಾಗಿ ಸಂಜೆಗೆ ಮುಗಿಯಿತು. ಮುಖ ಕುಂಬಳಕಾಯಿಯಷ್ಟು ಬಾತಿತ್ತು. ಬಾಯಿ ಮಾತ್ರ ತೆರೆದಿತ್ತು. ಅವಳ ನಾಲಗೆಯನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮನೆಗೆ ಬರುವಾಗ ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಕಡ್ಡಿಗಳ ಕಟ್ಟು ಕೊಟ್ಟರು. ಹಲ್ಲುಗಳ ನಡುವೆ ಇಟ್ಟು, ತಾಳಿದಷ್ಟು ತಾಳಿ, ಇನ್ನೊಂದು ಕಡ್ಡಿ ಸೇರಿಸಬೇಕು. ಆಮೇಲೆ ತೆರೆಯುವುದು, ಮುಚ್ಚುವುದು. ಎಣಿಸಲು ಹೋದರೆ ಅವಳಿಗೆ ನೋವೇ ನೆನಪಾಗುತ್ತಿತ್ತು. ಯಜಮಾನರು ಪಕ್ಕದ ಕೋಣೆಯಲ್ಲಿ ನೇಯುತ್ತಿದ್ದರು. ಲಾಳಿ ಆ ಕಡೆ ಹೋದರೆ ತೆರಿ, ಈ ಕಡೆ ಬಂದರೆ ಮುಚ್ಚು ಎಂದು ತಾನೇ ಕಂಡುಕೊಂಡಳು. ಖಟ್ ಅಂದರೆ ತೆರೆದಳು, ಪಟ್ ಅಂದರೆ ಮುಚ್ಚಿದಳು. ಅವರೂ ತಂಗಿಗಾಗಿ ಮಗ್ಗ ತುಳಿಯುವ ಕಾಲು ನಿಧಾನ ಮಾಡಿದರು. ದಿನಕ್ಕೊಂದು ಕೂದಲೆಳೆಯಷ್ಟು ಬಾಯಿ ಹೆಚ್ಚು ತೆರೆಯಿತು.

ನಮ್ಮ ಕೆಲಸ ಕೆಟ್ಟದ್ದೂ ಆ ಸಪ್ಪಳವನ್ನೇ ನೆಚ್ಚಿಕೊಂಡಿದ್ದಕ್ಕೆ. ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ತೊಳೆದು, ಪೂಜೆ ಮಾಡಿ ಬಿಡುತ್ತೇವೆ. ಮಗ್ಗ ನಿಂತಿತು, ಬಾಯಿಯೂ ನಿಂತಿತು. ಆರೋಗ್ಯ ವಿಚಾರಿಸಲು ಶಿರಹಟ್ಟಿಯಿಂದ ಬಂದಿದ್ದ ನಮ್ಮ ಅತ್ತೆಯ ತಂಗಿ, ನಾವೆಲ್ಲ ಚಿಕ್ಕಮ್ಮ ಅನ್ನುವವರು, "ಕಟ್ಟಗಿ ಮಗ್ಗಕ್ಕ ಸೂಟಿ ಐತಿ, ಹೆಣ್ಣಹುಡುಗಿ ದವಡಿಗೆ ಇಲ್ಲೇನ? ಇವತ್ತರ ಬಿಡ್ರೆ" ಅಂದರು. ಸರಿ ಅನ್ನಿಸಿತು ಎಲ್ಲರಿಗೂ. ಮರುದಿನ ಮಗ್ಗದ ಮೇಲಿನ ಉದ್ದ ನೂಲಿನ ಹಳೆಯ ಹಾಸು ಮುಗಿದಿತ್ತು. ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಯ ತುದಿಗೆ ಹೊಸೆದು ಕೆಚ್ಚಬೇಕು. ಕೆಚ್ಚುವ ಅಷ್ಟೂ ದಿನ ಮಗ್ಗಕ್ಕೆ ಸಪ್ಪಳವಿಲ್ಲ. ಸಪ್ಪಳವಿಲ್ಲದ ದಿನಗಳಲ್ಲಿ ನಾದಿನಿಗೆ ನೆನಪೇ ಆಗಲಿಲ್ಲ, ನಮಗೂ ಆಗಲಿಲ್ಲ.

ಮತ್ತೆ ಕಡ್ಡಿ ಹಿಡಿದಾಗ ಕಟ್ಟು ಒಳಗೆ ಹೋಗಲಿಲ್ಲ. ಅರ್ಧದಷ್ಟು ಕಡ್ಡಿ ತೆಗೆದರೂ ಹೋಗಲಿಲ್ಲ. ನಾದಿನಿ ಕಡ್ಡಿ ಕೆಳಗಿಟ್ಟು, "ಕೂಡಿತು ವೈನಿ, ಮತ್ತ ಕೂಡಿತು" ಅಂದಳು.

ಮರುದಿನವೇ ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಚಿತ್ರ ತೆಗೆಸಿ ನೋಡಿ, ಮೂಳೆ ಕೂಡಿಲ್ಲ, ಸ್ನಾಯು ಬಿಗಿದಿದೆ ಅಷ್ಟೇ ಎಂದರು. ಹೀಗೇ ಬಿಟ್ಟರೆ ಮೂಳೆಯೂ ಕೂಡುತ್ತದೆ ಎಂದೂ ಹೇಳಿದರು. ಯಾಕೆ ಬಿಟ್ಟಿರಿ ಅಂದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು. "ನಾ ಎಲ್ಲಾ ವಿಚಾರ ಮಾಡಿದ್ದೆ ಯಕ್ಕಾ. ಅಮಾಸಿ ಒಂದ ವಿಚಾರ ಮಾಡಿರಲಿಲ್ಲ."

ಮನೆಗೆ ಬಂದು ಹೇಳಿದ್ದೇ ತಡ, ಯಜಮಾನರು ಕೆಚ್ಚುವುದನ್ನು ಅಲ್ಲೇ ಬಿಟ್ಟರು. ಅವರ ತಮ್ಮನ ಮನೆಯ ಹಳೆಯ ಮಗ್ಗ ಖಾಲಿ ಬಿದ್ದಿತ್ತು, ಅದನ್ನು ನಮ್ಮ ಪಡಸಾಲೆಗೆ ತಂದು ಹೂಡಿದರು. ಒಂದು ಎಳೆ ನೂಲಿಲ್ಲದ ಮಗ್ಗದಲ್ಲಿ ಕೂತು ಬರೀ ಲಾಳಿ ಹೊಡೆದರು. ಓಣಿಯವರು ಬಾಗಿಲಲ್ಲಿ ಇಣುಕಿ, "ಏನ ನೇಯಾಕತ್ತೀಯೋ ಮಾರಾಯಾ, ಗಾಳಿಯೇನ?" ಅಂದರೆ, "ನಮ್ಮ ತಂಗೀ ಬಾಯಿ ನೇಯಾಕತ್ತೀನಿ, ನಿನಗ ಬೇಕೇನ?" ಅಂದರು.

ಮುಂದಿನ ಅಮಾವಾಸ್ಯೆಗೆ ಚಿಕ್ಕಮ್ಮ ತಾವಾಗಿಯೇ ಶಿರಹಟ್ಟಿಯಿಂದ ಬಂದರು. "ಮಗ್ಗಾ ಮುಟ್ಟಬ್ಯಾಡ್ರಿ, ನಾ ಅದೀನಿ" ಎಂದು ಲಟ್ಟಣಿಗೆ ಹಿಡಿದು ಮಣೆಯ ಮುಂದೆ ಕೂತರು. ಖಟ್. "ತೆರಿ ಲೇ." ಪಟ್. "ಮುಚ್ಚ." ನಾದಿನಿ ಅಳುತ್ತಲೇ ನಕ್ಕಳು, ನಗುತ್ತಲೇ ತೆರೆದಳು. "ಚಿಕ್ಕಮ್ಮಾ, ಮಗ್ಗರ ಚಲೋ ಇತ್ತು, ಅದು ಬೈತಿರಲಿಲ್ಲ" ಅಂದದ್ದಕ್ಕೆ ಇನ್ನೆರಡು ಏಟು ಜೋರಾಗಿ ಬಿದ್ದವು, ಮಣೆಯ ಮೇಲೆ.

ಇವತ್ತು ಆಸ್ಪತ್ರೆಯ ಬೆಂಚಿನಲ್ಲಿ ಮುಂಡರಗಿ ಕಡೆಯ ಒಬ್ಬ ಹೆಣ್ಣುಮಗಳು ಕೂತಿದ್ದಳು. ಬೈಕಿನಿಂದ ಬಿದ್ದು ಅವಳ ಬಾಯಿಯೂ ಹೀಗೇ ಆಗಿತ್ತು. ಸೆರಗು ಅಡ್ಡ ಹಿಡಿದು, ಬಿಗಿದ ಹಲ್ಲಿನಿಂದ, "ಭಾಳ ನೋಯ್ತೈತೇನ್ರಿ?" ಎಂದು ಕೇಳಿದಳು.

"ನೋಯ್ತೈತಿ, ಸುಳ್ಳ ಯಾಕ ಹೇಳಲಿ" ಅಂದಳು ನಾದಿನಿ. ಮಾತು ಮುಗಿಸಿ ಸುಮ್ಮನೆ ಬಾಯಿ ತೆರೆದು ತೋರಿಸಿದಳು. ಅಷ್ಟು ಜನರ ನಡುವೆ, ಮುಖ ತಿರುಗಿಸದೆ. ಆ ಹೆಣ್ಣುಮಗಳು ಸೆರಗು ಇಳಿಸಿ ಬಗ್ಗಿ ನೋಡಿದಳು.

ಒಳಗೆ ಡಾಕ್ಟರಮ್ಮ ಒಂದು ಬೆರಳಿಟ್ಟರು, ಎರಡಿಟ್ಟರು. ಮೂರನೆಯದನ್ನು ಸೇರಿಸಿದರು. ಹೋಯಿತು. ಬಿಗಿಯಾಗಿಯೂ ಅಲ್ಲ, ಸಲೀಸಾಗಿ. "ಈಗ ಕಚ್ಚಬ್ಯಾಡವಾ, ಈ ಬೆರಳ ಮ್ಯಾಲ ನನ್ನ ಹೊಟ್ಟಿ ನಡೀತೈತಿ" ಅಂದರು. ಹೊಸ ಚಿತ್ರದಲ್ಲಿ ಕೀಲಿನ ಸಂದು ಕಪ್ಪಗೆ, ಬಿಡಿಯಾಗಿ ಕಾಣುತ್ತಿತ್ತು. ಇನ್ನು ಕೊಯ್ಯುವ ಮಾತಿಲ್ಲ. ವ್ಯಾಯಾಮ ಮಾತ್ರ ಬಿಡಬಾರದು.

ಗದಗ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ನಾದಿನಿ ಬಜ್ಜಿ ಗಾಡಿಯ ಮುಂದೆ ನಿಂತು, ಇಡೀ ಮೆಣಸಿನಕಾಯಿ ಬಜ್ಜಿಯನ್ನು ಮುಂದಿನ ಹಲ್ಲಿನಿಂದ ಕಚ್ಚಿದಳು. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದಳು. ಇನ್ನೊಂದು ಕೊಡಿಸು ಅಂದಳು.

ರಾತ್ರಿ ರೊಟ್ಟಿ, ಝುಣಕ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಖಬರು ಕೇಳಿ ಬಂದಿದ್ದ ಚಿಕ್ಕಮ್ಮ ಉಂಡು ಅಲ್ಲೇ ಗೋಡೆಗೊರಗಿ ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ಆಮೇಲೆ ಯಜಮಾನರು. ನಾದಿನಿ ಎಲ್ಲರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಇನ್ನೂ ಜಗಿಯುತ್ತಿದ್ದಳು. ನಾನು ಅವಳ ತಾಟಿಗೆ ಮತ್ತೊಂದು ರೊಟ್ಟಿ ಹಾಕಿ ಅಲ್ಲೇ ಕೂತೆ.